ದರ ಯಾರ ಕೈಯಲ್ಲಿದೆ?

ಗಂಗಾವತಿಯಲ್ಲಿ ಬಿಸಿಎ ಓದುತ್ತಿರುವ ಹುಡುಗ ಹುಡುಗಿಯರ ಮುಂದೆ, ವೆಬ್ ಪುಟದ ಭಾಗಗಳು ಒಂದಕ್ಕೊಂದು ಮಾಹಿತಿ ಕೊಡುವುದು ಹೇಗೆ ಅನ್ನುವುದರ ಬಗ್ಗೆ ಆಡಿದ ಮಾತುಗಳಿವು. ಅಲ್ಲಿ ಪರದೆಯ ಮೇಲೆ ಕೋಡ್ ತೋರಿಸುತ್ತಾ ಹೋಗಿದ್ದೆ. ಇಲ್ಲಿ ಕೋಡ್ ಬಿಟ್ಟು ಮಾತನ್ನಷ್ಟೇ ಬರೆದಿದ್ದೇನೆ. ಅಲ್ಲಿ ಹೇಳಲು ಮರೆತ ಒಂದೆರಡು ಸಂಗತಿಯನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತನ್ನು ನನಗೆ ಕೊಟ್ಟಿದ್ದಾರೆ. ಮುಂದಿನ ಸಾಲಿನಲ್ಲೇ ಇಬ್ಬರು ಆಗಲೇ ತೂಕಡಿಸುತ್ತಿದ್ದೀರಿ. ಅದಕ್ಕೇ ವೆಬ್ ಪುಟ ಕಟ್ಟುವ ಫ್ರೇಮ್‌ವರ್ಕ್‌ಗಳಾದ ರಿಯಾಕ್ಟ್, ವ್ಯೂ ಅಂತ ಶುರು ಮಾಡುವುದಿಲ್ಲ. ಭತ್ತದಿಂದ ಶುರು ಮಾಡುತ್ತೇನೆ.

ನಮ್ಮ ಕಡೆ ಭತ್ತದ ದರ ಮಾತಾಡುವುದು 75 ಕೆಜಿ ಚೀಲದ ಲೆಕ್ಕದಲ್ಲಿ. ಇದು ನಿಮಗೆ ಹೇಳಬೇಕಾಗಿಲ್ಲ. ಕೆಲವು ವರ್ಷದ ಹಿಂದೆ ಭತ್ತದ ವ್ಯಾಪಾರಿಯೊಬ್ಬರಿಗೆ ಒಂದು ಸಣ್ಣ ವೆಬ್ ಆ್ಯಪ್ ಮಾಡಿಕೊಟ್ಟೆ. ಒಂದೇ ಪುಟ. ಮೇಲೆ ‘ಇವತ್ತಿನ ದರ’ ಅಂತ ಒಂದು ಬಾಕ್ಸ್. ಅದರ ಕೆಳಗೆ ಸಾಲುಗಳು: ರೈತರ ಹೆಸರು, ಚೀಲ, ದರ, ಮೊತ್ತ. ಎಲ್ಲಕ್ಕಿಂತ ಕೆಳಗೆ ಒಟ್ಟು. ಪ್ರಿಂಟ್ ಒತ್ತಿದರೆ ಪಟ್ಟಿ ಬರುತ್ತದೆ. ಅಷ್ಟೇ.

ಒಂದು ದಿನ ಬೆಳಿಗ್ಗೆ ದರ 1,750 ಇತ್ತು. ಗುಮಾಸ್ತ ಒಬ್ಬ ರೈತರ ಹೆಸರು ಹಾಕಿ 140 ಚೀಲ ಬರೆದ. ಪಟ್ಟಿ ತೆಗೆಯುವ ಮೊದಲೇ ಸಾಹುಕಾರರು ಬಂದು ದರ 1,800 ಮಾಡು ಅಂದರು. ಗುಮಾಸ್ತ ಮೇಲಿನ ಬಾಕ್ಸಿನಲ್ಲಿ 1,800 ಹಾಕಿ ಪ್ರಿಂಟ್ ಒತ್ತಿದ. ಆ ರೈತರ ಜೊತೆ ಅವರ ಮಗಳು ಬಂದಿದ್ದಳಂತೆ, ಪಿಯುಸಿ ಓದುವ ಹುಡುಗಿ. ಚೀಟಿ ನೋಡಿ ಕೇಳಿದಳಂತೆ: “ಅಣ್ಣಾರ, ಮ್ಯಾಲ ಒಂದು ಐತಿ, ಕೆಳಗ ಒಂದು ಐತಿ. ಇದ್ರಾಗ ಖರೆ ಯಾವುದು?”

ಸಾಲಿನಲ್ಲಿ 2,45,000 ಇತ್ತು. ಒಟ್ಟಿನಲ್ಲಿ 2,52,000. ಒಂದೇ ಸಾಲಿರುವ ಪಟ್ಟಿಯಲ್ಲಿ ಏಳು ಸಾವಿರ ವ್ಯತ್ಯಾಸ. ಆ ರಾತ್ರಿ ರೊಟ್ಟಿ ಕೈಯಲ್ಲಿರುವಾಗಲೇ ನನಗೆ ಫೋನ್ ಬಂತು.

ಈಗ ಕಂಪ್ಯೂಟರಿಗೆ ಬರೋಣ. ಇವತ್ತು ವೆಬ್ ಪುಟವನ್ನು ನಾವು ಕಾಂಪೊನೆಂಟ್‌ಗಳಾಗಿ ಕತ್ತರಿಸಿ ಕಟ್ಟುತ್ತೇವೆ. ಇಡೀ ಪಟ್ಟಿ ಒಂದು ಕಾಂಪೊನೆಂಟ್, ಅದು ಪೇರೆಂಟ್. ಒಳಗಿನ ಒಂದೊಂದು ಸಾಲೂ ಒಂದು ಚೈಲ್ಡ್. ಪೇರೆಂಟ್ ತನ್ನ ಚೈಲ್ಡ್‌ಗೆ ಕೊಟ್ಟು ಕಳಿಸುವ ಮಾಹಿತಿಗೆ ರಿಯಾಕ್ಟ್ ಮತ್ತು ವ್ಯೂನಲ್ಲಿ ಪ್ರಾಪ್ಸ್ ಅನ್ನುತ್ತಾರೆ, ಆ್ಯಂಗ್ಯುಲರ್‌ನಲ್ಲಿ ಇನ್‌ಪುಟ್ ಅನ್ನುತ್ತಾರೆ. ಇದು ಮೇಲಿಂದ ಕೆಳಗೆ ಬರುವ ದಾರಿ. ಕೆಳಗಿನಿಂದ ಮೇಲೆ ಹೋಗಲು ಬೇರೆ ದಾರಿ. ರಿಯಾಕ್ಟ್‌ನಲ್ಲಿ ಪೇರೆಂಟ್ ಒಂದು ಫಂಕ್ಷನ್ನನ್ನೂ ಪ್ರಾಪ್ ಮಾಡಿ ಕೊಟ್ಟಿರುತ್ತದೆ, ಚೈಲ್ಡ್ ಅದನ್ನು ಕರೆಯುತ್ತದೆ. ವ್ಯೂನಲ್ಲಿ ಚೈಲ್ಡ್ ಎಮಿಟ್ ಮಾಡುತ್ತದೆ. ಆ್ಯಂಗ್ಯುಲರ್‌ನಲ್ಲಿ ಔಟ್‌ಪುಟ್. ಹೆಸರು ಮೂರು, ಕೆಲಸ ಒಂದೇ.

ಇಷ್ಟನ್ನು ಅರ್ಧ ಗಂಟೆಯಲ್ಲಿ ಕಲಿಯಬಹುದು. ನಾನೂ ಕಲಿತಿದ್ದೆ. ಆದರೂ ಪಟ್ಟಿ ತಪ್ಪಾಯಿತು. ಯಾಕೆ?

ದರವನ್ನು ಸಾಲಿಗೆ ಪ್ರಾಪ್ ಆಗಿ ಸರಿಯಾಗಿಯೇ ಕೊಟ್ಟಿದ್ದೆ. ಆದರೆ ಸಾಲಿನೊಳಗೆ ಅದನ್ನು ತೆಗೆದುಕೊಂಡು ಯೂಸ್‌ಸ್ಟೇಟ್‌ಗೆ ಹಾಕಿದೆ. ಕಾಂಪೊನೆಂಟ್ ತನ್ನ ಸ್ವಂತ ಮಾಹಿತಿಯನ್ನು, ಅಂದರೆ ಸ್ಟೇಟನ್ನು, ಇಟ್ಟುಕೊಳ್ಳಲು ರಿಯಾಕ್ಟ್ ಕೊಡುವ ಜಾಗ ಅದು. ಅಂದರೆ ಸಾಲು ತನ್ನದೇ ಒಂದು ನಕಲು ಇಟ್ಟುಕೊಂಡಿತು. ಯೂಸ್‌ಸ್ಟೇಟ್‌ಗೆ ಕೊಡುವ ಬೆಲೆ ಆರಂಭದ ಬೆಲೆ ಮಾತ್ರ. ರಿಯಾಕ್ಟ್ ಅದನ್ನು ಮೊದಲ ಸಲ ಬಳಸುತ್ತದೆ, ಆಮೇಲೆ ಆ ಕಡೆ ತಿರುಗಿಯೂ ನೋಡುವುದಿಲ್ಲ. ಪೇರೆಂಟ್ ಬಳಿ ದರ 1,800 ಆಯಿತು, ಒಟ್ಟು ಅದರಂತೆ ಬದಲಾಯಿತು. ಸಾಲು ಮಾತ್ರ ಬೆಳಗಿನ 1,750 ಹಿಡಿದು ಕೂತಿತ್ತು.

ನಕಲು ಯಾಕೆ ಮಾಡಿದೆ ಅಂತ ಕೇಳಬೇಕು ನೀವು. ಸುಮ್ನೆ ಮಾಡಿರಲಿಲ್ಲ. ಭತ್ತದಲ್ಲಿ ತೇವ ಜಾಸ್ತಿ ಇದ್ದರೆ ಆ ರೈತರಿಗೆ ಮಾತ್ರ ಗುಮಾಸ್ತ ದರ ಇಳಿಸಬೇಕಿತ್ತು. ಸಾಲಿನಲ್ಲಿ ದರ ತಿದ್ದಲು ಬರಬೇಕು ಅಂತ ಸಾಹುಕಾರರು ಕೇಳಿದ್ದರು. ಪ್ರಾಪ್ಸನ್ನು ಚೈಲ್ಡ್ ತಿದ್ದುವ ಹಾಗಿಲ್ಲ ಅಂತ ಓದಿದ್ದೆ. ಸರಿ, ನಕಲು ಮಾಡಿಕೊಂಡು ನಕಲನ್ನು ತಿದ್ದೋಣ ಅಂದುಕೊಂಡೆ. ಕಾನೂನು ಮುರಿಯಲಿಲ್ಲ, ಸಂದಿಯಲ್ಲಿ ನುಸುಳಿದೆ. ಇನ್ನೂ ದೊಡ್ಡ ತಪ್ಪು ಆಗಲೇ ಆಗಿತ್ತು, ಯಾರೂ ನೋಡಿರಲಿಲ್ಲ. ಗುಮಾಸ್ತ ಸಾಲಿನಲ್ಲಿ ದರ ಇಳಿಸಿದರೆ ಪೇರೆಂಟ್‌ಗೆ ಸುದ್ದಿಯೇ ಇಲ್ಲ. ಒಟ್ಟು ಹಳೆಯ ದರದಲ್ಲೇ ನಿಂತಿರುತ್ತದೆ.

ರಾತ್ರಿ 11ಕ್ಕೆ ಒಂದು ತೇಪೆ ಹಾಕಿದೆ. ಮೇಲಿನ ದರ ಬದಲಾದಾಗಲೆಲ್ಲ ನಕಲನ್ನೂ ಬದಲಿಸು ಅಂತ ಒಂದು ಯೂಸ್‌ಎಫೆಕ್ಟ್. ಬೆಳಿಗ್ಗೆ 11ಕ್ಕೆ ಅದೂ ಹರಿಯಿತು. ಸಾಹುಕಾರರು ದರ ಏರಿಸಿದ ಕೂಡಲೇ ಒದ್ದೆ ಭತ್ತಕ್ಕೆ ಇಳಿಸಿ ಬರೆದಿದ್ದ ದರವೂ ಅಳಿಸಿಹೋಗಿ ಎಲ್ಲರಿಗೂ ಒಂದೇ ದರ ಆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ.

ಆಮೇಲೆ ಒಂದು ಹಾಳೆ ತೆಗೆದುಕೊಂಡು ಕೂತೆ. ಕೋಡ್ ಬರೆಯಲಿಲ್ಲ. ಒಂದೊಂದು ಅಂಕಿಯ ಮುಂದೆ ಅದರ ಯಜಮಾನ ಯಾರು ಅಂತ ಬರೆದೆ. ಇವತ್ತಿನ ದರ: ಪಟ್ಟಿ. ಚೀಲದ ಸಂಖ್ಯೆ: ಪಟ್ಟಿ. ಒಬ್ಬ ರೈತರಿಗೆ ಮಾತ್ರ ಇಳಿಸಿದ ದರ: ಅದೂ ಪಟ್ಟಿಯೇ, ಯಾಕಂದರೆ ಒಟ್ಟು ಹಾಕುವುದು ಪಟ್ಟಿ. ಮೊತ್ತ: ಯಾರೂ ಅಲ್ಲ. ಅದನ್ನು ಇಟ್ಟುಕೊಳ್ಳುವುದೇ ಬೇಡ, ಬೇಕಾದಾಗ ಗುಣಿಸಿದರೆ ಆಯಿತು. ಸಾಲಿನ ಯಜಮಾನಿಕೆಗೆ ಏನೂ ಉಳಿಯಲಿಲ್ಲ.

ಹೊಸ ಏರ್ಪಾಡು ಹೀಗಿತ್ತು. ಪೇರೆಂಟ್ ಬಳಿ ಒಂದೊಂದು ಸಾಲಿಗೂ ‘ಬೇರೆ ದರ’ ಅಂತ ಒಂದು ಜಾಗ. ಮಾಮೂಲಾಗಿ ಅದು ಖಾಲಿ. ಖಾಲಿ ಇದ್ದರೆ ಇವತ್ತಿನ ದರ, ತುಂಬಿದ್ದರೆ ಅದೇ ದರ. ಗುಮಾಸ್ತ ಸಾಲಿನಲ್ಲಿ ದರ ತಿದ್ದಿದರೆ ಸಾಲು ತಾನೇನೂ ಬದಲಿಸುವುದಿಲ್ಲ. ‘ಮೂರನೇ ಸಾಲಿನವರಿಗೆ 1,720 ಅಂತ ಬರೆದಿದ್ದಾರೆ’ ಅಂತ ಮೇಲಕ್ಕೆ ಹೇಳುತ್ತದೆ. ಪೇರೆಂಟ್ ಬದಲಿಸುತ್ತದೆ. ಬದಲಾದ ದರ ಮತ್ತೆ ಪ್ರಾಪ್ ಆಗಿ ಕೆಳಗೆ ಬರುತ್ತದೆ. ಸುತ್ತು ಜಾಸ್ತಿ ಅನಿಸುತ್ತದೆ ಅಲ್ವಾ? ನನಗೂ ಅನಿಸಿತ್ತು. ಆದರೆ ಆಮೇಲೆ ಮೇಲೊಂದು ಕೆಳಗೊಂದು ಅಂಕಿ ಬರಲಿಲ್ಲ. ಬರಲು ಜಾಗವೇ ಇಲ್ಲ, ಅಂಕಿ ಇರುವುದು ಒಂದೇ ಕಡೆ.

ಇವತ್ತು ನಾನು ಹೇಳಬೇಕೆಂದು ಬಂದದ್ದು ಇದೇ. ಪೇರೆಂಟ್ ಚೈಲ್ಡ್ ನಡುವೆ ಮಾತು ಹೇಗೆ ಕಳಿಸುವುದು ಅಂತ ಜನ ಕೇಳುತ್ತಾರೆ. ಕಳಿಸುವುದು ಸುಲಭ. ಈ ಅಂಕಿ ಯಾರದು ಅಂತ ತೀರ್ಮಾನ ಮಾಡದೆ ಕಳಿಸಲು ಹೊರಟರೆ ಮಾತ್ರ ಯಾವ ಫ್ರೇಮ್‌ವರ್ಕ್ ಬಳಸಿದರೂ ಪಟ್ಟಿ ತಪ್ಪುತ್ತದೆ.

ನಕಲಿನ ಇನ್ನೊಂದು ಅವತಾರ ಇದೆ. ಅದು ಇದಕ್ಕಿಂತ ಕಳ್ಳ. ಸಾಲಿಗೆ ದರ, ಚೀಲ ಅಂತ ಬಿಡಿಬಿಡಿಯಾಗಿ ಕೊಡದೆ ಇಡೀ ಆಬ್ಜೆಕ್ಟನ್ನೇ ಕೊಟ್ಟಿರಿ ಅಂದುಕೊಳ್ಳಿ. ಜಾವಾಸ್ಕ್ರಿಪ್ಟ್‌ನಲ್ಲಿ ಆಬ್ಜೆಕ್ಟ್ ಕೊಟ್ಟರೆ ಸಾಮಾನು ಕೊಟ್ಟಂತೆ ಅಲ್ಲ, ಮನೆಯ ವಿಳಾಸ ಕೊಟ್ಟಂತೆ. ವಿಳಾಸ ಸಿಕ್ಕವನು ನೇರ ಒಳಗೆ ಹೋಗಿ ಮಂಚ ಜರುಗಿಸಿ ಬರಬಹುದು. ಚೈಲ್ಡ್ ಆ ಆಬ್ಜೆಕ್ಟಿನೊಳಗಿನ ಚೀಲದ ಸಂಖ್ಯೆಯನ್ನು ನೇರವಾಗಿ ಬದಲಿಸಿದರೆ ರಿಯಾಕ್ಟ್‌ಗೆ ಗೊತ್ತೇ ಆಗುವುದಿಲ್ಲ. ಸ್ಟೇಟ್ ಬದಲಿಸುವ ಸೆಟ್ ಫಂಕ್ಷನ್ ಕರೆದರೂ ಅದೇ ಹಳೆಯ ಆಬ್ಜೆಕ್ಟನ್ನು ಕೊಟ್ಟರೆ, ವಿಳಾಸ ಅದೇ ಇದೆ ಏನೂ ಬದಲಾಗಿಲ್ಲ ಅಂತ ಸುಮ್ಮನಾಗುತ್ತದೆ. ಆಮೇಲೆ ಬೇರೆ ಯಾವುದೋ ಕಾರಣಕ್ಕೆ ಪುಟ ಮತ್ತೆ ರೆಂಡರ್ ಆದಾಗ, ಅಂದರೆ ಪರದೆಯ ಮೇಲೆ ಹೊಸದಾಗಿ ಮೂಡಿದಾಗ, ಒಟ್ಟು ದಿಢೀರ್ ಅಂತ ಸರಿಯಾಗುತ್ತದೆ. ನೀವು ದೆವ್ವ ಅಂದುಕೊಳ್ಳುತ್ತೀರಿ.

ವ್ಯೂನಲ್ಲಿ ಇದರ ಉಲ್ಟಾ. ಪ್ರಾಪ್‌ಗೇ ಹೊಸ ಬೆಲೆ ಹಾಕಲು ಹೋದರೆ ವ್ಯೂ ಕನ್ಸೋಲ್‌ನಲ್ಲಿ ಬೈಯುತ್ತದೆ. ಪ್ರಾಪ್ ಆಗಿ ಬಂದ ಆಬ್ಜೆಕ್ಟಿನ ಒಳಗೆ ಕೈ ಹಾಕಿದರೆ ಬೈಯುವುದಿಲ್ಲ. ಪೇರೆಂಟ್‌ನಲ್ಲೂ ಬದಲಾಗಿ ಎಲ್ಲವೂ ಸರಿಯಾಗಿ ನಡೆದಂತೆಯೇ ಕಾಣುತ್ತದೆ. ನನ್ನನ್ನು ಕೇಳಿದರೆ ಇದೇ ಜಾಸ್ತಿ ಅಪಾಯ. ಕೆಟ್ಟು ನಿಂತ ಗಾಡಿಯನ್ನು ರಿಪೇರಿಗೆ ಒಯ್ಯುತ್ತೀರಿ. ಬ್ರೇಕ್ ಇಲ್ಲದೆ ಓಡುವ ಗಾಡಿಯನ್ನು ಯಾರು ಒಯ್ಯುತ್ತಾರೆ? ಆರು ತಿಂಗಳ ಮೇಲೆ ಈ ಸಂಖ್ಯೆ ಬದಲಿಸಿದ್ದು ಯಾವ ಕಾಂಪೊನೆಂಟ್ ಅಂತ ಹುಡುಕುತ್ತಾ ಕೂರಬೇಕು.

ಈ ಒಮ್ಮುಖ ಸಂಚಾರ ಮೊದಲಿನಿಂದ ಇದ್ದದ್ದಲ್ಲ. 2010ರಲ್ಲಿ ಆ್ಯಂಗ್ಯುಲರ್‌ಜೆಎಸ್ ಬಂದಾಗ ಎರಡೂ ದಿಕ್ಕಿನಲ್ಲಿ ತಾನಾಗಿಯೇ ಬದಲಾಗುವುದೇ ದೊಡ್ಡ ಆಕರ್ಷಣೆ. ಡೆಮೊ ನೋಡಿದರೆ ಚಪ್ಪಾಳೆ. 2013ರಲ್ಲಿ ಫೇಸ್‌ಬುಕ್‌ನವರು ರಿಯಾಕ್ಟನ್ನು ಹೊರಗೆ ಬಿಟ್ಟಾಗ ಮಾಹಿತಿ ಕೆಳಗೆ ಮಾತ್ರ ಹರಿಯಲಿ ಅಂದರು. ವ್ಯೂ ಕತೆ ಇನ್ನೂ ಮಜಾ. ಮೊದಲ ಆವೃತ್ತಿಯಲ್ಲಿ ಪ್ರಾಪ್ಸನ್ನು ಎರಡೂ ಕಡೆ ಕಟ್ಟಬಹುದಿತ್ತು. 2016ರಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ಅದನ್ನು ಕಿತ್ತುಹಾಕಿದರು. ಮರುವರ್ಷವೇ ಸಿಂಕ್ ಅನ್ನುವ ಹೆಸರಿನಲ್ಲಿ ಅದು ಮರಳಿ ಬಂತು. ಆದರೆ ಈ ಸಲ ಬರೀ ವೇಷ. ಒಳಗೆ ಪ್ರಾಪ್ ಕೆಳಗೆ ಹೋಗುತ್ತದೆ, ಎಮಿಟ್ ಮೇಲೆ ಬರುತ್ತದೆ, ಬರೆಯುವುದು ಮಾತ್ರ ಒಂದೇ ಮಾತಿನಲ್ಲಿ. ಮೂರನೇ ಆವೃತ್ತಿಯ ವಿ-ಮಾಡೆಲ್ ಕೂಡ ಹಾಗೆಯೇ. ಆ್ಯಂಗ್ಯುಲರ್‌ನಲ್ಲಿ ಚೌಕ ಬ್ರಾಕೆಟ್ಟಿನೊಳಗೆ ದುಂಡು ಬ್ರಾಕೆಟ್ ಬರೆಯುತ್ತಾರಲ್ಲ, ಅದಕ್ಕೆ ‘ಡಬ್ಬಿಯೊಳಗಿನ ಬಾಳೆಹಣ್ಣು’ ಅಂತ ಅಡ್ಡಹೆಸರು. ಆನೆಗೊಂದಿ ಕಡೆಯ ಬಾಳೆತೋಟದವರಿಗೆ ಮರೆಯಬಾರದ ಹೆಸರು. ಡಬ್ಬಿ ಬಿಚ್ಚಿದರೆ ಅಲ್ಲೂ ಒಂದು ಇನ್‌ಪುಟ್, ಒಂದು ಔಟ್‌ಪುಟ್, ಅಷ್ಟೇ.

ಮೇಲೆ ಹೋಗುವ ಮಾತಿನ ಬಗ್ಗೆ ಸ್ವಲ್ಪ. ಚೈಲ್ಡ್ ಏನಾಯಿತು ಅಂತ ಹೇಳಬೇಕು, ಏನು ಮಾಡಬೇಕು ಅಂತ ಹೇಳಬಾರದು. ‘ಅಳಿಸು ಬಟನ್ ಒತ್ತಿದರು’ ಅನ್ನುವುದು ಸುದ್ದಿ. ‘ಪಟ್ಟಿಯಿಂದ ಈ ಸಾಲು ತೆಗೆದು ಸರ್ವರಿಗೆ ಕಳಿಸು’ ಅನ್ನುವುದು ಯಜಮಾನಿಕೆ. ಎಷ್ಟೋ ಹುಡುಗರು ಸ್ಟೇಟ್ ಬದಲಿಸುವ ಸೆಟ್ ಫಂಕ್ಷನ್ನನ್ನೇ ನೇರವಾಗಿ ಚೈಲ್ಡ್ ಕೈಗೆ ಕೊಡುತ್ತಾರೆ. ಕೆಲಸ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಗಲ್ಲಾಪೆಟ್ಟಿಗೆಯ ಕೀಲಿ ಕೊಟ್ಟು ಹತ್ತು ರೂಪಾಯಿ ಚಿಲ್ಲರೆ ತಗೋ ಅಂದ ಹಾಗೆ. ನನ್ನ ಆ್ಯಪ್‌ನಲ್ಲಿ ಅದೇ ಸಾಲನ್ನು ಹಳೆಯ ಪಟ್ಟಿ ನೋಡುವ ಪುಟದಲ್ಲೂ ಬಳಸಬೇಕಾಯಿತು. ಅಲ್ಲಿ ಅಳಿಸು ಒತ್ತಿದರೆ ಸಾಲು ಹೋಗಬಾರದು, ಸಾಹುಕಾರರ ಒಪ್ಪಿಗೆ ಕೇಳಬೇಕು. ಸಾಲು ಬರೀ ಸುದ್ದಿ ಹೇಳುವಂತಿದ್ದರಿಂದ ಅದರಲ್ಲಿ ಒಂದಕ್ಷರ ಮುಟ್ಟಲಿಲ್ಲ.

ಫ್ರೇಮ್‌ವರ್ಕ್ ಇಲ್ಲದೆ ಬ್ರೌಸರಿನ ವೆಬ್ ಕಾಂಪೊನೆಂಟ್ಸ್ ಬಳಸುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಸುದ್ದಿ ಕಳಿಸುವುದು ಕಸ್ಟಮ್ ಇವೆಂಟ್‌ನಿಂದ. ಕ್ಲಿಕ್ ಇವೆಂಟ್ ಗುಳ್ಳೆಯ ಹಾಗೆ ಮೇಲೆ ಮೇಲೆ ಏರುತ್ತದೆ ಅಂತ ಓದಿದ್ದೀರಿ. ಕಸ್ಟಮ್ ಇವೆಂಟ್ ತಾನಾಗಿ ಏರುವುದಿಲ್ಲ. ಬಬಲ್ಸ್ ಅನ್ನುವುದನ್ನು ನೀವೇ ಟ್ರೂ ಮಾಡಬೇಕು. ಶ್ಯಾಡೋ ಡಾಮ್ ಅಂದರೆ ಕಾಂಪೊನೆಂಟಿನ ಒಳಭಾಗವನ್ನು ಪುಟದಿಂದ ಬೇರೆ ಇಡುವ ಬೇಲಿ, ಅದರ ಒಳಗಿಂದ ಹೊರಬರಬೇಕಾದರೆ ಕಂಪೋಸ್ಡ್ ಕೂಡ ಟ್ರೂ ಇರಬೇಕು. ಒಂದು ಇಡೀ ಮಧ್ಯಾಹ್ನ ಕಳೆದುಕೊಂಡ ಮೇಲೆ ಕಲಿತ ಪಾಠ. ವ್ಯೂನ ಎಮಿಟ್ ಸಹ ನೇರ ಪೇರೆಂಟ್‌ವರೆಗೆ ಮಾತ್ರ. ಅಜ್ಜನಿಗೆ ಕೇಳಿಸುವುದಿಲ್ಲ.

ಅಕ್ಕಪಕ್ಕದ ಇಬ್ಬರು ಚೈಲ್ಡ್‌ಗಳು ಮಾತಾಡಬೇಕಾದರೆ? ಹುಡುಕುವ ಬಾಕ್ಸ್ ಒಂದು ಚೈಲ್ಡ್, ರೈತರ ಪಟ್ಟಿ ಇನ್ನೊಂದು. ಮನೆಯಲ್ಲಿ ಅಣ್ಣ ತಮ್ಮ ಮಾತು ಬಿಟ್ಟಾಗ ಏನಾಗುತ್ತದೆ? ಒಂದೇ ಪಡಸಾಲೆಯಲ್ಲಿ ಕೂತು, “ಯವ್ವಾ, ಅವಂಗ ಹೇಳು, ಗಾಡಿ ಕೀಲಿ ಕೊಡು ಅಂತ.” ಇಲ್ಲೂ ಅದೇ. ಹುಡುಕಿದ ಪದವನ್ನು ಇಬ್ಬರಿಗೂ ಸೇರಿದ ಪೇರೆಂಟ್‌ಗೆ ಏರಿಸಿ, ಅಲ್ಲಿಂದ ಇಬ್ಬರಿಗೂ ಇಳಿಸಿ.

ಏರಿಸುತ್ತಾ ಹೋದರೆ ಇನ್ನೊಂದು ತೊಂದರೆ ಶುರುವಾಗುತ್ತದೆ. ಮೇಲೆ ಇರುವ ಮಾಹಿತಿ ಐದು ಮೆಟ್ಟಿಲು ಕೆಳಗಿನ ಬಟನ್‌ಗೆ ಬೇಕು. ನಡುವಿನ ನಾಲ್ವರಿಗೆ ಬೇಡ, ಆದರೂ ಕೈಯಿಂದ ಕೈಗೆ ದಾಟಿಸಬೇಕು. ಇದಕ್ಕೆ ಪ್ರಾಪ್ ಡ್ರಿಲಿಂಗ್ ಅನ್ನುತ್ತಾರೆ. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದ್‌ನಿಂದ ಹೊರಟು ರಾಯಚೂರು ಜಿಲ್ಲೆಯವರೆಗೆ 227 ಕಿಲೋಮೀಟರ್ ಹೋಗುತ್ತದೆ. ಕಾಲುವೆ ಅಂದ ಕೂಡಲೇ ಮೇಲ್ಭಾಗದವರು ನೀರೆಲ್ಲ ಎತ್ತಿಕೊಂಡರು, ಕೊನೆಭಾಗಕ್ಕೆ ಬರಲಿಲ್ಲ ಅನ್ನುವ ಜಗಳ ನೆನಪಾಗುತ್ತದೆ. ಪ್ರಾಪ್ ಡ್ರಿಲಿಂಗ್ ಆ ಜಗಳ ಅಲ್ಲ. ಹೊಲದ ನಡುವೆ ಕಾಲುವೆ ಹಾದುಹೋಗಿದೆ, ಭೂಮಿಯೂ ಹೋಯಿತು, ಆದರೆ ತನ್ನ ಹೊಲ ಅಚ್ಚುಕಟ್ಟಿನಲ್ಲಿಲ್ಲ. ಆ ರೈತನ ಗೋಳು ಇದು.

ಇದಕ್ಕೆ ಎಲ್ಲರೂ ತಕ್ಷಣ ಹೇಳುವ ಮದ್ದು ಕಾಂಟೆಕ್ಸ್ಟ್. ವ್ಯೂನಲ್ಲಾದರೆ ಪ್ರೊವೈಡ್, ಇಂಜೆಕ್ಟ್. ಮೇಲೆ ಒಬ್ಬರು ಇಟ್ಟರೆ ಕೆಳಗೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಲಾಗಿನ್ ಆದವರ ಹೆಸರು, ಭಾಷೆ, ಬಣ್ಣ ಇಂಥದ್ದಕ್ಕೆ ಒಳ್ಳೆಯದು. ಆದರೆ ದರ, ಚೀಲ ಎಲ್ಲ ಅದರಲ್ಲೇ ಸುರಿದರೆ ಕಾಲುವೆ ಉದ್ದಕ್ಕೂ ಪಂಪ್‌ಸೆಟ್ ಇಟ್ಟಂತೆ ಆಗುತ್ತದೆ. ಯಾರು ಎಲ್ಲಿ ಎತ್ತುತ್ತಿದ್ದಾರೆ ಗೊತ್ತಾಗುವುದಿಲ್ಲ. ಆ ಸಾಲು ಕಾಂಪೊನೆಂಟನ್ನು ಬೇರೆ ಪುಟಕ್ಕೆ ಒಯ್ಯಲೂ ಆಗುವುದಿಲ್ಲ, ಅದರ ಬೇರು ಇಲ್ಲೇ ಇದೆ.

ನಾನು ಮೊದಲು ಬುತ್ತಿ ಕಟ್ಟಿ ನೋಡುತ್ತೇನೆ. ಹೊಲಕ್ಕೆ ಬುತ್ತಿ ಒಯ್ಯುವ ಹುಡುಗನಿಗೆ ಒಳಗೆ ಶೇಂಗಾ ಹಿಂಡಿ ಇದೆಯೋ ಪುಂಡಿಪಲ್ಯ ಇದೆಯೋ ಗೊತ್ತಿರಬೇಕಾಗಿಲ್ಲ. ಗಂಟು ತಲುಪಿಸಿದರೆ ಆಯಿತು. ಹಾಗೆಯೇ ಮೇಲಿನ ಪೇರೆಂಟ್‌ನಲ್ಲೇ ಬಟನ್ನನ್ನು ಅದರ ಪ್ರಾಪ್ಸ್ ಸಮೇತ ತಯಾರು ಮಾಡಿ, ನಡುವಿನವರಿಗೆ ಗಂಟಾಗಿ ಕೊಡುವುದು. ರಿಯಾಕ್ಟ್‌ನಲ್ಲಿ ಇದಕ್ಕೆ ಚಿಲ್ಡ್ರನ್, ವ್ಯೂನಲ್ಲಿ ಸ್ಲಾಟ್. ನಡುವಿನವರು ಚೌಕಟ್ಟು ಮಾತ್ರ, ಜಾಗ ಬಿಟ್ಟು ನಿಲ್ಲುತ್ತಾರೆ. ಹತ್ತರಲ್ಲಿ ಆರೇಳು ಸಲ ಕಾಂಟೆಕ್ಸ್ಟ್ ಬೇಕಾಗುವುದೇ ಇಲ್ಲ ಅನ್ನುವುದು ನನ್ನ ಅನುಭವ.

ಇನ್ನು ರೆಫ್, ಅಂದರೆ ಚೈಲ್ಡನ್ನು ನೇರವಾಗಿ ಹಿಡಿಯಲು ಪೇರೆಂಟ್‌ಗೆ ಸಿಗುವ ಹಿಡಿ. ಕೆಲವು ಸಲ ಪೇರೆಂಟ್ ಚೈಲ್ಡ್‌ಗೆ ಮಾಹಿತಿ ಕೊಡುವುದಲ್ಲ, ನೇರ ಅಪ್ಪಣೆ ಮಾಡಬೇಕಾಗುತ್ತದೆ. ಕರ್ಸರನ್ನು ಚೀಲದ ಬಾಕ್ಸಿಗೆ ಒಯ್ಯಿ, ಕೊನೆಯ ಸಾಲಿಗೆ ಸ್ಕ್ರಾಲ್ ಮಾಡು, ಇಂಥದ್ದು. ಆಗ ಪೇರೆಂಟ್ ರೆಫ್ ಹಿಡಿದು ಎಳೆಯುತ್ತದೆ, ಗೇಟಿಗೆ ಕಟ್ಟಿದ ಚೈನಿನ ಹಾಗೆ. ರಿಯಾಕ್ಟ್‌ನ ಹಳೆಯ ಆವೃತ್ತಿಗಳಲ್ಲಿ ಇದಕ್ಕೆ ಫಾರ್ವರ್ಡ್‌ರೆಫ್ ಸುತ್ತಬೇಕಿತ್ತು. 2024ರ ಡಿಸೆಂಬರ್‌ನಲ್ಲಿ ಬಂದ 19ನೇ ಆವೃತ್ತಿಯಿಂದ ರೆಫ್ ಕೂಡ ಮಾಮೂಲಿ ಪ್ರಾಪ್. ಸುಲಭ ಆಯಿತು ಅಂತ ಎಲ್ಲದಕ್ಕೂ ಎಳೆಯಬೇಡಿ. ಚೈಲ್ಡ್ ಇನ್ನೂ ಪರದೆಗೆ ಬಂದಿರದಿದ್ದರೆ, ಅಥವಾ ಬಂದು ಹೋಗಿದ್ದರೆ, ರೆಫ್‌ನ ತುದಿಯಲ್ಲಿ ನಲ್ ಇರುತ್ತದೆ, ಅಂದರೆ ಏನೂ ಇರುವುದಿಲ್ಲ. ಚೈನ್ ಕಡಿದರೆ ಏನಾಗುತ್ತದೆ ಅಂತ ನಮ್ಮೂರಿನವರಿಗೆ ಪಾಠ ಬೇಡ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಕ್ರಸ್ಟ್ ಗೇಟ್‌ಗಳಲ್ಲಿ 19ನೆಯದರ ಚೈನ್ ಕಡಿದು ಗೇಟೇ ಕೊಚ್ಚಿಹೋಯಿತು. ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸುವವರೆಗೆ ಇಲ್ಲಿ ಎಷ್ಟು ಜನಕ್ಕೆ ನಿದ್ದೆ ಬಂದಿತ್ತು? (ಇಲ್ಲಿ ಸಭೆಯಲ್ಲಿ ಸ್ವಲ್ಪ ಹೊತ್ತು ಗೇಟಿನ ಮಾತೇ ನಡೆಯಿತು. ಅದನ್ನು ಬಿಟ್ಟಿದ್ದೇನೆ.)

ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬಳು ಕೈ ಎತ್ತಿ ಕೇಳಿದ ಪ್ರಶ್ನೆ: “ಸರ್, ಚೈಲ್ಡ್ ಹೇಳಿದ್ದನ್ನು ಪೇರೆಂಟ್ ಒಪ್ಪದಿದ್ದರೆ?”

ಒಳ್ಳೆಯ ಪ್ರಶ್ನೆ. ಇದನ್ನು ನಾನು ಭಾಷಣದಲ್ಲೇ ಹೇಳಬೇಕಿತ್ತು. ಪೇರೆಂಟ್ ಒಪ್ಪದಿದ್ದರೆ ಹಳೆಯ ಬೆಲೆಯೇ ಪ್ರಾಪ್ ಆಗಿ ಮತ್ತೆ ಕೆಳಗೆ ಬರುತ್ತದೆ. ಬಾಕ್ಸಿನಲ್ಲಿ ಹಳೆಯ ಅಂಕಿಯೇ ನಿಲ್ಲುತ್ತದೆ. ನನಗೆ ಇದೂ ಕಚ್ಚಿದೆ. 1,000ಕ್ಕಿಂತ ಕಡಿಮೆ ದರ ಬಂದರೆ ಸೇರಿಸಬೇಡ ಅಂತ ಪೇರೆಂಟ್‌ನಲ್ಲಿ ಬರೆದೆ, ಸೊನ್ನೆ ಬಿಟ್ಟುಹೋಗಬಾರದು ಅಂತ. ಗುಮಾಸ್ತ ಬಾಕ್ಸ್ ಖಾಲಿ ಮಾಡಿ 1,720 ಒತ್ತಲು ಹೋದ. ಖಾಲಿಯೂ ಆಗಲಿಲ್ಲ. ಒಂದಂಕಿ ಅಳಿಸಿದರೆ 180 ಆಗುತ್ತದೆ, ಅದು ಸಾವಿರಕ್ಕಿಂತ ಕಡಿಮೆ, ಪೇರೆಂಟ್ ಒಪ್ಪುವುದಿಲ್ಲ, ಮತ್ತೆ 1,800. “ಕೀಬೋರ್ಡ್ ಕೆಟ್ಟೈತ್ರಿ” ಅಂತ ಹೊಸ ಕೀಬೋರ್ಡ್ ತರಿಸಿದ್ದರು.

ಅಲ್ಲಿ ತಪ್ಪಿದ್ದು ಒಪ್ಪದಿರುವುದಲ್ಲ, ಒತ್ತಿದ ಒಂದೊಂದು ಅಂಕಿಗೂ ಒಪ್ಪಿಗೆ ಕೇಳಿದ್ದು. ಹೀಗಾಗಿ ಚೈಲ್ಡ್‌ಗೆ ಸ್ವಂತದ್ದು ಏನೂ ಇರಬಾರದು ಅಂತಲ್ಲ. ಬರೆಯುತ್ತಿರುವ ಕರಡು ಚೈಲ್ಡ್‌ನದು, ಅದು ಇನ್ನೂ ದರ ಆಗಿಲ್ಲ. ಗುಮಾಸ್ತ ಎಂಟರ್ ಒತ್ತಿದಾಗ, ಅಥವಾ ಬಾಕ್ಸ್ ಬಿಟ್ಟು ಹೊರಬಂದಾಗ ಮಾತ್ರ ಮೇಲಕ್ಕೆ ಸುದ್ದಿ. ಆಗ ಪೇರೆಂಟ್ ಒಪ್ಪಲಿ, ಬಿಡಲಿ.

“ಮತ್ತೆ ಒಪ್ಪದಿದ್ದರೆ ಕರಡು ಹಾಗೇ ಕೂತಿರುತ್ತಲ್ಲ ಸರ್?” ಅಂದಳು. ಹೌದು, ಕೂತಿರುತ್ತದೆ. ಅದು ಮತ್ತೆ ಅದೇ ಹಳೆಯ ನಕಲಿನ ಕತೆ. ರಿಯಾಕ್ಟ್‌ನಲ್ಲಿ ನಾನು ಮಾಡುವುದು ಇಷ್ಟು: ಆ ಬಾಕ್ಸಿನ ಕೀ, ಅಂದರೆ ರಿಯಾಕ್ಟ್ ಅದನ್ನು ಗುರುತಿಸುವ ಹೆಸರು, ಬದಲಿಸುತ್ತೇನೆ. ಕೀ ಬದಲಾದರೆ ರಿಯಾಕ್ಟ್ ಹಳೆಯ ಚೈಲ್ಡನ್ನು ಕರಡಿನ ಸಮೇತ ತೆಗೆದುಹಾಕಿ ಹೊಸದನ್ನು ಕೂರಿಸುತ್ತದೆ. ಹೊಸದು ಬರುವಾಗ ಪ್ರಾಪ್ ನೋಡಿಕೊಂಡೇ ಬರುತ್ತದೆ. ಯೂಸ್‌ಎಫೆಕ್ಟ್ ತೇಪೆ ಬೇಕಿಲ್ಲ. ಕರ್ಸರ್ ಮಾತ್ರ ಬಾಕ್ಸಿನಿಂದ ಹೊರಗೆ ಹೋಗಿರುತ್ತದೆ, ಅದನ್ನು ಒಳಗೆ ತರಲು ರೆಫ್ ಹಿಡಿದು ಎಳೆಯಬೇಕು. ಎಳೆಯುವ ಮೊದಲು ನಲ್ ಇದೆಯಾ ನೋಡಿಕೊಳ್ಳಿ.